ಮೈನಸ್ 20ರ ಚಳಿಗೆ ಉಡುವುದು ಹೇಗೆ: ಊರಿನಿಂದ ಬರುವವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಅಪ್ಪ ಅಮ್ಮ ತೀರ್ಥಹಳ್ಳಿಯಿಂದ ಮೊದಲ ಸಲ ಟೊರೊಂಟೊಗೆ ಬಂದದ್ದು ಜನವರಿಯಲ್ಲಿ. ಸಂಕ್ರಾಂತಿಯ ದಿನ ದೇವಸ್ಥಾನಕ್ಕೆ ಹೊರಟಾಗ ಹೊರಗೆ ಮೈನಸ್ 14 ಡಿಗ್ರಿ ಇತ್ತು. ಅಪ್ಪ ಹತ್ತಿಯ ಬನಿಯನ್, ಅದರ ಮೇಲೆ ಅಂಗಿ, ಅದರ ಮೇಲೆ ಎರಡು ಸ್ವೆಟರ್, ಎಲ್ಲದರ ಮೇಲೆ ನನ್ನ ಗಂಡನ ದಪ್ಪ ಕೋಟು ತೊಟ್ಟು, ಅಮ್ಮನ ಸೀರೆಯ ನಿರಿಗೆ ಸರಿಯಾಗುವ ತನಕ ಬೆಚ್ಚಗಿನ ಹಜಾರದಲ್ಲಿ ಇಪ್ಪತ್ತು ನಿಮಿಷ ಕುಳಿತಿದ್ದರು. ಬಸ್ಸಿನೊಳಗೂ ಹೀಟರ್. ಅಲ್ಲಿಂದ ಇಳಿದು ಎರಡನೆಯ ಬಸ್ಸಿಗೆ ಕಾಯುತ್ತ ಹತ್ತು ನಿಮಿಷ ನಿಂತಿದ್ದೇ ತಡ, ಅವರ ಹಲ್ಲು ಕಟಕಟ ಕಡಿಯತೊಡಗಿತು. ಇಷ್ಟೊಂದು ತೊಟ್ಟಿದ್ದರೂ ಯಾಕೆ ಹೀಗೆ ಎಂದು ಗಾಬರಿಯಾಯಿತು. ಮನೆಗೆ ಬಂದು ಕೋಟು ಬಿಚ್ಚಿಸಿ ಬೆನ್ನ ಮೇಲೆ ಕೈಯಿಟ್ಟರೆ ಬನಿಯನ್ ತಣ್ಣಗೆ ಒದ್ದೆಯಾಗಿ ಚರ್ಮಕ್ಕೆ ಅಂಟಿಕೊಂಡಿತ್ತು. ಒಳಗೆ ಕುಳಿತಾಗ ಬೆವರಿದ್ದರು. ಆ ಬೆವರೇ ಹೊರಗೆ ಅವರನ್ನು ನಡುಗಿಸಿತ್ತು.

ಆ ದಿನದಿಂದ ಊರಿನಿಂದ ಯಾರೇ ಬರಲಿ, ವಿಮಾನ ಹತ್ತುವ ಮೊದಲೇ ಫೋನಿನಲ್ಲಿ ನಾನು ಹೇಳುವ ಮೊದಲ ಮಾತು ಇದು: ಇಲ್ಲಿ ಮೈ ಒಣಗಿರಬೇಕು, ದಪ್ಪದ ಲೆಕ್ಕ ಆಮೇಲೆ. ಮುಂದೆ ಬರೆದಿರುವುದೆಲ್ಲ ಈ ಒಂದು ಮಾತಿನ ವಿಸ್ತಾರ. ಟೊರೊಂಟೊ, ಷಿಕಾಗೊ, ಮಿನಿಯಾಪೊಲಿಸ್‌ಗಳಿಗೆ ಓದಲು ಬರುವ ಮಕ್ಕಳಿಗೂ ಮೊಮ್ಮಕ್ಕಳನ್ನು ನೋಡಲು ಬರುವ ಅಪ್ಪ ಅಮ್ಮಂದಿರಿಗೂ ಇದು ಉಪಯೋಗಕ್ಕೆ ಬರಲಿ ಎಂಬುದು ನನ್ನ ಆಸೆ.

ಶಾಖ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ

ಬಟ್ಟೆಗೆ ತನ್ನದೇ ಆದ ಶಾಖವಿಲ್ಲ. ಶಾಖ ಹುಟ್ಟುವುದು ನಿಮ್ಮ ಮೈಯಲ್ಲಿ, ನೀವು ಉಂಡ ಊಟದಿಂದ. ಬಟ್ಟೆಯ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ ಆ ಶಾಖವನ್ನು ಹೊರಗೆ ಬಿಡದೆ ಹಿಡಿದಿಡುತ್ತದೆ. ಅಲುಗಾಡದ ಗಾಳಿಯ ಮೂಲಕ ಶಾಖ ಬಹಳ ನಿಧಾನವಾಗಿ ಸಾಗುತ್ತದೆ. ನೀರಿನ ಮೂಲಕವಾದರೆ ಅದಕ್ಕಿಂತ ಇಪ್ಪತ್ತಕ್ಕೂ ಹೆಚ್ಚು ಪಟ್ಟು ಸುಲಭವಾಗಿ ಹರಿದುಹೋಗುತ್ತದೆ. ಬಟ್ಟೆ ಒದ್ದೆಯಾದರೆ ಗಾಳಿ ಇರಬೇಕಾದ ಜಾಗದಲ್ಲಿ ನೀರು ಬಂದು ಕೂರುತ್ತದೆ. ಸಾಲದ್ದಕ್ಕೆ, ಆ ನೀರು ಆರುವಾಗ ಮೈಯ ಶಾಖವನ್ನೇ ಕಿತ್ತುಕೊಂಡು ಆರುತ್ತದೆ. ಹತ್ತಿ ಇದರಲ್ಲಿ ಎಲ್ಲಕ್ಕಿಂತ ಕೆಟ್ಟದ್ದು: ಬೆವರನ್ನು ಚೆನ್ನಾಗಿ ಕುಡಿಯುತ್ತದೆ, ಬೇಗ ಬಿಡುವುದಿಲ್ಲ. ಬೇಸಿಗೆಯಲ್ಲಿ ನಮ್ಮನ್ನು ತಂಪಾಗಿಡುವ ಗುಣವೇ ಚಳಿಗಾಲದಲ್ಲಿ ಮುಳುವಾಗುತ್ತದೆ.

ಇದನ್ನು ನಮ್ಮ ಹಿರಿಯರು ತಿಳಿಯದವರಲ್ಲ. ಮಲೆನಾಡಿನ ಮಳೆಗಾಲದಲ್ಲಿ ಗದ್ದೆ ನೆಟ್ಟಿಗೆ ಹೋಗುವವರು ಕಂಬಳಿ ಕೊಪ್ಪೆ ಹಾಕಿಕೊಂಡು ದಿನವಿಡೀ ಮಳೆಯಲ್ಲಿ ಬಗ್ಗಿ ಕೆಲಸ ಮಾಡುತ್ತಿದ್ದದ್ದನ್ನು ನಾನು ಚಿಕ್ಕವಳಿದ್ದಾಗ ಕಂಡಿದ್ದೇನೆ. ಹೊರಗೆ ಕಂಬಳಿ ನೆನೆದು ಭಾರವಾಗಿರುತ್ತಿತ್ತು, ಒಳಗೆ ಕೈ ತೂರಿಸಿದರೆ ಬೆಚ್ಚಗಿರುತ್ತಿತ್ತು. ಉಣ್ಣೆಯ ಎಳೆ ಸುರುಳಿ ಸುರುಳಿಯಾಗಿರುವುದರಿಂದ ನೆನೆದರೂ ಚಪ್ಪಟೆಯಾಗಿ ಕುಸಿಯುವುದಿಲ್ಲ, ನಡುವಿನ ಗಾಳಿಯನ್ನು ಬಿಟ್ಟುಕೊಡುವುದಿಲ್ಲ. ತನ್ನ ತೂಕದ ಸುಮಾರು ಮೂರನೆಯ ಒಂದು ಪಾಲಿನಷ್ಟು ತೇವವನ್ನು ಒಳಗೆಳೆದುಕೊಂಡರೂ ಮುಟ್ಟಿದರೆ ಒದ್ದೆ ಎನಿಸುವುದಿಲ್ಲ. ಚಳ್ಳಕೆರೆಯ ಕಡೆ ಕುರುಬ ನೇಕಾರರು ಹುಣಸೆ ಬೀಜದ ಗಂಜಿ ಹಾಕಿ ನೇಯುವ ಕಂಬಳಿಯಲ್ಲೂ ಇಲ್ಲಿನ ಅಂಗಡಿಗಳ ದುಬಾರಿ ಮೆರಿನೊ ಬನಿಯನ್ನಿನಲ್ಲೂ ಕೆಲಸ ಮಾಡುವುದು ಈ ಒಂದೇ ಗುಣ. ಮೆರಿನೊ ಕುರಿಯ ಎಳೆ ನಮ್ಮ ದಖ್ಖನಿ ಕುರಿಯದ್ದಕ್ಕಿಂತ ಬಹಳ ಸಪೂರ, ಹಾಗಾಗಿ ಚುಚ್ಚುವುದಿಲ್ಲ.

ಹೊರಡುವ ಮೊದಲು ನೋಡಬೇಕಾದ ಎರಡು ಅಂಕಿ

ಹವಾಮಾನದ ಆ್ಯಪ್‌ನಲ್ಲಿ ಉಷ್ಣಾಂಶವನ್ನಷ್ಟೇ ನೋಡಿ ಹೊರಡಬೇಡಿ. ಅದರ ಕೆಳಗೆ ಗಾಳಿಯ ಲೆಕ್ಕ ಸೇರಿಸಿದ ಇನ್ನೊಂದು ಅಂಕಿ ಇರುತ್ತದೆ. ಇಲ್ಲಿ ಅದನ್ನು ವಿಂಡ್ ಚಿಲ್ ಎನ್ನುತ್ತಾರೆ. ಮೈಗೆ ಅಂಟಿಕೊಂಡ ಬೆಚ್ಚಗಿನ ಗಾಳಿಯ ತೆಳು ಪದರವನ್ನು ಬೀಸುವ ಗಾಳಿ ಕಿತ್ತೊಯ್ಯುವುದರಿಂದ ತೆರೆದ ಚರ್ಮಕ್ಕೆ ಎಷ್ಟು ಚಳಿ ತಾಗುತ್ತದೆ ಎಂಬುದನ್ನು ಅದು ಹೇಳುತ್ತದೆ. ಮೈನಸ್ 10 ಡಿಗ್ರಿ ಇದ್ದು ಗಂಟೆಗೆ 30 ಕಿಲೋಮೀಟರ್ ಗಾಳಿ ಬೀಸುತ್ತಿದ್ದರೆ ಮುಖಕ್ಕೆ ಅದು ಮೈನಸ್ 20ರಂತೆ. ಮೈನಸ್ 15 ಇದ್ದರೆ ಅದೇ ಗಾಳಿಗೆ ಮೈನಸ್ 26. ಈ ಅಂಕಿ ಮೈನಸ್ 28ಕ್ಕಿಂತ ಕೆಳಗಿಳಿದರೆ ತೆರೆದ ಚರ್ಮ ಹತ್ತರಿಂದ ಮೂವತ್ತು ನಿಮಿಷದೊಳಗೆ ಹೆಪ್ಪುಗಟ್ಟಬಹುದು; ಮೈನಸ್ 40 ದಾಟಿದರೆ ಐದರಿಂದ ಹತ್ತು ನಿಮಿಷ ಸಾಕು. ಟೊರೊಂಟೊದಲ್ಲಿ ಅಂಥ ದಿನಗಳು ಅಪರೂಪ. ವಿನಿಪೆಗ್, ಎಡ್ಮಂಟನ್ ಕಡೆ ಇರುವವರಿಗೆ ಅದು ಪ್ರತಿ ಚಳಿಗಾಲದ ಮಾತು.

ಇನ್ನೊಂದು ವಿಷಯವನ್ನು ಹೊಸಬರು ನಂಬುವುದೇ ಇಲ್ಲ. ಬಿಸಿಲಿದ್ದು ಗಾಳಿಯಿಲ್ಲದ ಮೈನಸ್ 12ಕ್ಕಿಂತ, ಸೊನ್ನೆಯ ಆಸುಪಾಸಿನಲ್ಲಿ ಮಳೆ ಹಿಮ ಬೆರೆತು ಬೀಳುವ ದಿನವೇ ಹೆಚ್ಚು ಕಷ್ಟ. ಮೈನಸ್ 12ರಲ್ಲಿ ಹಿಮ ಒಣ ಪುಡಿಯಂತಿದ್ದು ಕೊಡವಿದರೆ ಉದುರುತ್ತದೆ. ಸೊನ್ನೆಯಲ್ಲಿ ಅದು ಬಟ್ಟೆಯ ಮೇಲೆ ಬಿದ್ದ ಕ್ಷಣವೇ ನೀರು. ಅಂಥ ದಿನ ಪುಕ್ಕದ ಕೋಟಿಗಿಂತ ನೀರು ಇಳಿಯದ ಹೊರಕೋಟು ಮುಖ್ಯ.

ಮೊದಲ ಪದರ: ಚರ್ಮಕ್ಕೆ ತಾಗುವ ಬಟ್ಟೆ

ಹಣ ಕಡಿಮೆಯಿದ್ದರೆ ಮೊದಲು ಇದಕ್ಕೇ ಖರ್ಚು ಮಾಡಿ. ಇದರ ಕೆಲಸ ಬೆವರನ್ನು ಚರ್ಮದಿಂದ ಎಳೆದು ಆಚೆ ದಾಟಿಸುವುದು. ಮೆರಿನೊ ಉಣ್ಣೆ ಉತ್ತಮ. ಪಾಲಿಯೆಸ್ಟರ್ ಥರ್ಮಲ್ ಅಗ್ಗ ಮತ್ತು ಬೇಗ ಒಣಗುತ್ತದೆ, ಆದರೆ ಎರಡು ದಿನಕ್ಕೆ ವಾಸನೆ ಬರುತ್ತದೆ. ಮೆರಿನೊದ ಲೇಬಲ್ ಮೇಲೆ 150, 200, 250 ಎಂಬ ಅಂಕಿಗಳಿರುತ್ತವೆ. ಅದು ಒಂದು ಚದರ ಮೀಟರ್ ಬಟ್ಟೆಯ ತೂಕ ಗ್ರಾಂಗಳಲ್ಲಿ. ನಗರದಲ್ಲಿ ಓಡಾಡುವವರಿಗೆ 200ರ ಆಸುಪಾಸಿನದು ಸರಿಹೋಗುತ್ತದೆ.

ಬೆಂಗಳೂರಿನ ಅಂಗಡಿಗಳಲ್ಲೂ ಥರ್ಮಲ್ ಸಿಗುತ್ತದೆ. ಕೊಳ್ಳುವಾಗ ಒಳಗಿನ ಪಟ್ಟಿ ಓದಿ. ಥರ್ಮಲ್ ಎಂಬ ಹೆಸರಿನಲ್ಲಿ ಮಾರುವ ಎಷ್ಟೋ ಬಟ್ಟೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹತ್ತಿ ಇರುತ್ತದೆ. ಅಳತೆ ಮೈಗೆ ಅಂಟಿಕೊಂಡಂತೆ ಇರಬೇಕು, ಉಸಿರಾಡುವಾಗ ಬಿಗಿಯಬಾರದು. ಅದರ ಒಳಗೆ ಹತ್ತಿಯ ಬನಿಯನ್ ಹಾಕಲೇಬೇಡಿ. ನಮ್ಮಪ್ಪನಿಗೆ ಈ ಒಂದು ಅಭ್ಯಾಸ ಬಿಡಿಸಲು ಎರಡು ವಾರ ಹಿಡಿಯಿತು. ಬನಿಯನ್ ಇಲ್ಲದೆ ಅಂಗಿ ತೊಟ್ಟರೆ ಅವರಿಗೆ ಏನೋ ಮರೆತಂತಾಗುತ್ತಿತ್ತು. ಕೊನೆಗೆ ಬನಿಯನ್‌ನಂತೆಯೇ ಕಾಣುವ, ತೋಳಿಲ್ಲದ ಉಣ್ಣೆಯ ಒಳಅಂಗಿ ಹುಡುಕಿ ತಂದೆ; ಒಪ್ಪಿಕೊಂಡರು.

ನಡುವಿನ ಪದರ

ಇಲ್ಲಿ ಕಷ್ಟವೇನೂ ಇಲ್ಲ. ಫ್ಲೀಸ್ ಜಾಕೆಟ್, ಉಣ್ಣೆಯ ಸ್ವೆಟರ್, ಊರಿನಲ್ಲಿ ನವೆಂಬರ್ ಬಂದರೆ ಟಿಬೆಟಿಯನ್ನರು ರಸ್ತೆ ಬದಿಯಲ್ಲಿ ಹರಡಿಕೊಂಡು ಮಾರುವ ಸ್ವೆಟರ್ ಕೂಡ ನಡೆಯುತ್ತದೆ. ಅಂಥ ಸ್ವೆಟರುಗಳಲ್ಲಿ ಹೆಚ್ಚಿನವು ಅಕ್ರಿಲಿಕ್. ಅಕ್ರಿಲಿಕ್ ಹತ್ತಿಯಂತೆ ನೀರು ಕುಡಿಯುವುದಿಲ್ಲ, ಹಾಗಾಗಿ ನಡುಪದರಕ್ಕೆ ತೊಂದರೆಯಿಲ್ಲ. ಅಜ್ಜಿ ಹೆಣೆದ ಸ್ವೆಟರ್ ಇದ್ದರೆ ದಯವಿಟ್ಟು ತನ್ನಿ. ದಪ್ಪನೆಯ ಒಂದಕ್ಕಿಂತ ತೆಳುವಾದ ಎರಡು ಒಳ್ಳೆಯದು, ಸೆಕೆಯಾದಾಗ ಒಂದನ್ನು ತೆಗೆಯಬಹುದು. ಮುಂದೆ ಜಿಪ್ ಅಥವಾ ಗುಂಡಿ ಇರುವುದನ್ನೇ ಆರಿಸಿ. ತಲೆಯ ಮೇಲಿನಿಂದ ಎಳೆದು ತೆಗೆಯಬೇಕಾದ ಸ್ವೆಟರನ್ನು ಬಸ್ಸಿನ ನಡುವೆ ಯಾರೂ ತೆಗೆಯುವುದಿಲ್ಲ, ಬೆವರುತ್ತ ಕೂರುತ್ತಾರೆ.

ಹೊರಕೋಟು

ಕೋಟನ್ನು ಊರಿನಲ್ಲಿ ಕೊಳ್ಳಬೇಡಿ. ಇಲ್ಲಿಯ ಚಳಿ ಕಂಡವರು ಇಲ್ಲಿಯ ಚಳಿಗೆಂದು ಮಾಡಿದ್ದು ಇಲ್ಲಿಯೇ ಸಿಗುತ್ತದೆ. ವಿಮಾನ ನಿಲ್ದಾಣದಿಂದ ಮನೆಗೆ ಹೋಗುವ ಮಟ್ಟಿಗೆ ಕರೆದೊಯ್ಯಲು ಬರುವವರು ಒಂದು ಕೋಟು ತಂದರೆ ಸಾಕು. ಡಿಸೆಂಬರ್ 26ರ ಬಾಕ್ಸಿಂಗ್ ಡೇ ನಂತರ ಬೆಲೆ ಇಳಿಯುತ್ತದೆ. ಬಳಸಿದ ಬಟ್ಟೆಗಳ ಅಂಗಡಿಗಳಲ್ಲಿ ಒಂದೆರಡು ಚಳಿಗಾಲ ಕಂಡ ಒಳ್ಳೆಯ ಕೋಟುಗಳು ಹೊಸದರ ಕಾಲುಭಾಗದ ಬೆಲೆಗೂ ಸಿಗುವುದುಂಟು. ಆರು ತಿಂಗಳಿಗೆ ಬರುವ ಅಪ್ಪ ಅಮ್ಮನಿಗೆ ನಾನು ಅಲ್ಲಿಂದಲೇ ತಂದದ್ದು. ಅದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ.

ಅಂಗಡಿಯಲ್ಲಿ ಕೋಟು ಕೈಗೆತ್ತಿಕೊಂಡಾಗ ನೋಡಬೇಕಾದದ್ದು ಹೀಗೆ. ಉದ್ದ ತೊಡೆಯ ಅರ್ಧದವರೆಗಾದರೂ ಬರಬೇಕು. ಹುಡ್ ಇರಬೇಕು, ಅದು ಟೊಪ್ಪಿಯ ಮೇಲೆ ಹಿಡಿಸುವಷ್ಟು ದೊಡ್ಡದಿರಬೇಕು. ಜಿಪ್ ಮೇಲೆ ಇನ್ನೊಂದು ಬಟ್ಟೆಯ ಮಡಿಕೆ ಇರಬೇಕು, ಇಲ್ಲದಿದ್ದರೆ ಜಿಪ್‌ನ ಹಲ್ಲುಗಳ ನಡುವಿನಿಂದ ಗಾಳಿ ನೇರ ಎದೆಗೆ ನುಗ್ಗುತ್ತದೆ. ಮುಂಗೈ ಬಳಿ ಬಿಗಿ ಮಾಡಿಕೊಳ್ಳುವ ಪಟ್ಟಿ ಇರಬೇಕು. ಒಳಗೆ ಸ್ವೆಟರ್ ತೊಟ್ಟೇ ಹಾಕಿ ನೋಡಿ, ಎರಡೂ ಕೈಯನ್ನು ತಲೆಯ ಮೇಲೆ ಎತ್ತಿ. ಬೆನ್ನು ಬಿಗಿದರೆ ಒಂದು ಅಳತೆ ದೊಡ್ಡದು ತೆಗೆದುಕೊಳ್ಳಿ. ಬಿಗಿಯಾದ ಕೋಟು ಒಳಗಿನ ಪದರಗಳನ್ನು ಅಮುಕಿ ಗಾಳಿಯನ್ನು ಹೊರಹಾಕಿಬಿಡುತ್ತದೆ.

ತುಂಬಿರುವುದು ಬಾತುಕೋಳಿಯ ಇಲ್ಲವೇ ಹೆಬ್ಬಾತಿನ ಪುಕ್ಕವಾಗಿದ್ದರೆ ಅದನ್ನು ಡೌನ್ ಎನ್ನುತ್ತಾರೆ. 600, 700, 800 ಎಂಬ ಅಂಕಿ ಒಂದು ಔನ್ಸ್ ಪುಕ್ಕ ಎಷ್ಟು ಘನ ಇಂಚು ಜಾಗ ತುಂಬುತ್ತದೆ ಎಂಬುದರ ಲೆಕ್ಕ. ಅಂಕಿ ಹೆಚ್ಚಿದಷ್ಟೂ ಕಡಿಮೆ ಭಾರದಲ್ಲಿ ಹೆಚ್ಚು ಬೆಚ್ಚಗೆ. ನಗರಕ್ಕೆ 600 ಧಾರಾಳವಾಯಿತು. ಪುಕ್ಕ ನೆನೆದರೆ ಮುದ್ದೆಯಾಗಿ ಕೆಲಸಕ್ಕೆ ಬಾರದಂತಾಗುತ್ತದೆ. ಪ್ರಾಣಿಜನ್ಯವಾದುದು ಬೇಡ ಎನ್ನುವವರಿಗೆ ಪಾಲಿಯೆಸ್ಟರ್ ತುಂಬಿದ ಕೋಟುಗಳಿವೆ. ಸ್ವಲ್ಪ ಭಾರ, ಆದರೆ ಒದ್ದೆಯನ್ನು ಹೆಚ್ಚು ತಾಳಿಕೊಳ್ಳುತ್ತವೆ. ಅಮ್ಮ ಅದನ್ನೇ ಆರಿಸಿಕೊಂಡರು.

ಕಾಲು: ಹೆಚ್ಚು ಜನ ಸೋಲುವುದು ಇಲ್ಲಿ

ಮೇಲೆ ನಾಲ್ಕು ಪದರ ತೊಟ್ಟವರು ಕೆಳಗೆ ಒಂದೇ ಜೀನ್ಸ್‌ನಲ್ಲಿ ಹೊರಡುತ್ತಾರೆ. ಜೀನ್ಸ್ ಎಂದರೆ ಹತ್ತಿ; ಹಿಮ ತಾಗಿ ನೆನೆದರೆ ಮೊಣಕಾಲಿನ ಕೆಳಗೆ ತಗಡಿನಂತೆ ಬಿರುಸಾಗುತ್ತದೆ. ಪ್ಯಾಂಟಿನ ಒಳಗೆ ಥರ್ಮಲ್ ಕಾಲಂಗಿ ಮೈನಸ್ 5ರಿಂದ ಕೆಳಗೆ ಕಡ್ಡಾಯ ಎಂದೇ ತಿಳಿಯಿರಿ.

ಪಾದದ ವಿಷಯದಲ್ಲಿ ನಾನೇ ತಪ್ಪು ಮಾಡಿ ಕಲಿತೆ. ಮೊದಲ ಚಳಿಗಾಲದಲ್ಲಿ ಬೂಟಿನೊಳಗೆ ಮೂರು ಜೊತೆ ಹತ್ತಿಯ ಕಾಲುಚೀಲ ತುರುಕಿಕೊಂಡು ಹೋಗಿ ಬಸ್ ನಿಲ್ದಾಣದಲ್ಲಿ ಬೆರಳುಗಳ ಅರಿವೇ ಇಲ್ಲದಂತೆ ನಿಂತಿದ್ದೆ. ಬೂಟು ಬಿಗಿಯಾದರೆ ರಕ್ತ ಬೆರಳ ತುದಿಗೆ ಹೋಗುವುದಿಲ್ಲ. ಶಾಖವನ್ನು ಅಲ್ಲಿಗೆ ಹೊತ್ತೊಯ್ಯುವುದೇ ರಕ್ತ. ಹಾಗಾಗಿ ಒಂದೇ ಜೊತೆ ದಪ್ಪ ಉಣ್ಣೆಯ ಕಾಲುಚೀಲ, ಅದನ್ನು ಹಾಕಿಕೊಂಡ ಮೇಲೂ ಬೂಟಿನೊಳಗೆ ಬೆರಳಾಡಿಸಲು ಬರಬೇಕು. ಬೂಟು ಕೊಳ್ಳಲು ಹೋಗುವಾಗ ಆ ಕಾಲುಚೀಲವನ್ನು ಜೊತೆಗೆ ಒಯ್ಯಿರಿ. ಸಾಮಾನ್ಯವಾಗಿ ಅರ್ಧ ಅಥವಾ ಒಂದು ಅಳತೆ ದೊಡ್ಡದು ಬೇಕಾಗುತ್ತದೆ.

ಒಳಗಿನ ಮೆತ್ತೆ ಹೊರತೆಗೆದು ಒಣಗಿಸಬಹುದಾದ ಬೂಟು ಸಿಕ್ಕಿದರೆ ಬಿಡಬೇಡಿ. ಅಡಿ ದಪ್ಪವಿರಲಿ, ಏಕೆಂದರೆ ನಿಂತಾಗ ಶಾಖ ಹರಿಯುವುದು ಕೆಳಗಿನ ಮಂಜುಗಟ್ಟಿದ ಕಾಂಕ್ರೀಟಿಗೆ. ಬಸ್ಸಿಗೆ ಕಾಯುವಾಗ ಹತ್ತಿರದಲ್ಲಿ ಹಲಗೆಯೋ ದಪ್ಪ ರಟ್ಟೋ ಇದ್ದರೆ ಅದರ ಮೇಲೆ ನಿಂತು ನೋಡಿ, ವ್ಯತ್ಯಾಸ ಕೂಡಲೇ ತಿಳಿಯುತ್ತದೆ. ಅಡಿಯ ರಬ್ಬರ್ ಮೆತ್ತಗಿದ್ದು ಆಳವಾದ ಗೀರುಗಳಿರಲಿ. ಗಟ್ಟಿ ಪ್ಲಾಸ್ಟಿಕ್ ಅಡಿ ಚಳಿಗೆ ಇನ್ನೂ ಗಟ್ಟಿಯಾಗಿ ಜಾರುತ್ತದೆ. ಅರವತ್ತು ದಾಟಿದವರಿಗೆ ಬೂಟಿನ ಮೇಲೆ ಎಳೆದು ಹಾಕುವ ಮುಳ್ಳಿನ ಪಟ್ಟಿ ಕೊಡಿಸಿ. ಚಳಿಗಿಂತ ನನಗೆ ಹೆಚ್ಚು ಭಯ ಮಂಜುಗಡ್ಡೆಯ ಮೇಲೆ ಜಾರಿ ಸೊಂಟ ಮುರಿದುಕೊಳ್ಳುವುದರದು. ಅಂಗಡಿ, ದೇವಸ್ಥಾನದ ಒಳಗಿನ ನುಣುಪು ನೆಲದ ಮೇಲೆ ಮಾತ್ರ ಆ ಮುಳ್ಳು ತೆಗೆಯಲೇಬೇಕು.

ಸೀರೆ ಉಡುವವರಿಗೆ

"ಸೀರೆ ಬಿಟ್ಟು ಬೇರೆ ಉಟ್ಟವಳಲ್ಲ ನಾನು, ಈ ವಯಸ್ಸಿನಲ್ಲಿ ಪ್ಯಾಂಟು ಹಾಕಿಸಬೇಡ" ಎಂದು ಅಮ್ಮ ಮೊದಲ ದಿನವೇ ಹೇಳಿಬಿಟ್ಟರು. ಹಾಗೆ ಹೇಳುವ ಅಮ್ಮಂದಿರು ಬಹಳ ಜನ. ಅವರನ್ನು ಒಪ್ಪಿಸಲು ಹೋಗಬೇಡಿ. ಸೀರೆಯಲ್ಲೇ ಬೆಚ್ಚಗಿರಬಹುದು, ಒಂದೊಂದಾಗಿ ಹೇಳುತ್ತೇನೆ.

ಕಾಲಿಗೆ ಮೊದಲು ಉಣ್ಣೆಯ ಅಥವಾ ಫ್ಲೀಸ್ ಒಳಮೈಯ ಲೆಗಿಂಗ್ಸ್, ಅದರ ತುದಿ ಕಾಲುಚೀಲದ ಒಳಗೆ ಸೇರಿರಬೇಕು. ಅದರ ಮೇಲೆ ಹತ್ತಿಯ ಲಂಗ ಬೇಡ, ಸ್ಯಾಟಿನ್ ಅಥವಾ ಪಾಲಿಯೆಸ್ಟರ್ ಲಂಗ ಉಡಿಸಿ. ಉಣ್ಣೆಯ ಮೇಲೆ ಹತ್ತಿ ಹಿಡಿದುಕೊಂಡು ನಡೆಯಲು ಬಿಡುವುದಿಲ್ಲ. ಇಲ್ಲಿಯ ಒಣ ಹವೆಯಲ್ಲಿ ಪಾಲಿಯೆಸ್ಟರ್ ಚಟಪಟ ಎಂದು ಮೈಗೆ ಅಂಟಿಕೊಂಡರೆ ಲಂಗದ ಒಳಗೆ ಸ್ವಲ್ಪ ನೀರು ಸವರಿದ ಕೈ ಆಡಿಸಿದರೆ ಸಾಕು. ಮೇಲೆ ರವಿಕೆಯ ಬದಲು ಕುತ್ತಿಗೆ ತನಕ ಬರುವ ತೆಳು ಮೆರಿನೊ ಅಂಗಿ. ಕಪ್ಪು ಅಥವಾ ಕಡುಕೆಂಪು ಬಣ್ಣದ್ದು ತಂದರೆ ಹೆಚ್ಚಿನ ಸೀರೆಗಳಿಗೆ ಹೊಂದುತ್ತದೆ. ರವಿಕೆಯೇ ಬೇಕೆಂದರೆ ಅದನ್ನು ಈ ಅಂಗಿಯ ಮೇಲೆ ತೊಡಲು ಎರಡು ಬೆರಳು ಸಡಿಲವಾಗಿ ಹೊಲಿಸಿ ತನ್ನಿ. ಊರಿನ ದರ್ಜಿಗೆ ಹೇಳಿದರೆ ಒಂದು ದಿನದ ಕೆಲಸ.

ಸೀರೆಯ ಅಂಚು ಎಲ್ಲಕ್ಕಿಂತ ದೊಡ್ಡ ತೊಂದರೆ. ರಸ್ತೆಗೆ ಉಪ್ಪು ಸುರಿದು ಹಿಮವನ್ನು ಕರಗಿಸುವುದರಿಂದ ಪಾದಚಾರಿ ದಾರಿಯೆಲ್ಲ ಬೂದು ಬಣ್ಣದ ಉಪ್ಪುರಾಡಿ. ಫಾಲ್ ಅದನ್ನು ಬತ್ತಿಯಂತೆ ಮೇಲಕ್ಕೆ ಹೀರುತ್ತದೆ, ಮೊಣಕಾಲಿನವರೆಗೆ ಒದ್ದೆ, ಒಣಗಿದ ಮೇಲೆ ಬಿಳಿ ಗೆರೆ. ಹೊರಡುವಾಗ ಸೀರೆಯನ್ನು ಬೂಟಿನ ಮೇಲ್ತುದಿಯವರೆಗೆ ಎತ್ತಿ ಸೊಂಟದಲ್ಲಿ ಸಿಕ್ಕಿಸಿ, ಅಮ್ಮ ಅಂಗಳ ಸಾರಿಸುವಾಗ ಮಾಡುವಂತೆ. ಅದರ ಮೇಲೆ ಕಣಕಾಲಿನ ತನಕ ಬರುವ ಉದ್ದ ಕೋಟು. ಕೋಟಿನೊಳಗೆ ಸೆರಗು ಬೆನ್ನ ಹಿಂದೆ ಗಂಟಾಗದಂತೆ ಮುಂದಕ್ಕೆ ತಂದು ಸಿಕ್ಕಿಸಿ. ರೇಷ್ಮೆಯಾದರೆ ಇನ್ನೂ ಒಳ್ಳೆಯ ದಾರಿಯಿದೆ: ಲೆಗಿಂಗ್ಸ್ ಮೇಲೆ ಕೋಟು ಹಾಕಿಕೊಂಡು ಹೋಗಿ, ಅಲ್ಲಿ ಬೆಚ್ಚಗಿನ ಕೋಣೆಯಲ್ಲಿ ಸೀರೆ ಉಡುವುದು. ಎಳ್ಳು ಬೆಲ್ಲ ಬೀರಲು ಹೊರಟ ಹೆಂಗಸರೆಲ್ಲ ಒಬ್ಬರ ಮನೆಯಲ್ಲಿ ಸೇರಿ ಸೀರೆ ಉಟ್ಟುಕೊಳ್ಳುವುದು ಇಲ್ಲಿ ನಮಗೆ ಹಬ್ಬದ ಒಂದು ಭಾಗವೇ ಆಗಿಬಿಟ್ಟಿದೆ.

ಒಡವೆಯ ಬಗ್ಗೆಯೂ ಹೇಳಬೇಕು. ಲೋಹ ಶಾಖವನ್ನು ಬೇಗ ಸಾಗಿಸುತ್ತದೆ. ಕೊರೆಯುವ ಗಾಳಿಯಲ್ಲಿ ತೂಗುವ ಓಲೆ ಕಿವಿಯ ಹಾಲೆಯನ್ನು ಸುಟ್ಟಂತೆ ನೋಯಿಸುತ್ತದೆ. ಟೊಪ್ಪಿಯ ಒಳಗೆ ಮುಚ್ಚಿರಲಿ, ಇಲ್ಲವೇ ಸಣ್ಣ ಬೆಂಡೋಲೆ ಇರಲಿ. ಮೂಗುಬೊಟ್ಟಿನ ಮೇಲೆ ಮಫ್ಲರ್ ಬರಬೇಕು. ಕಾಲುಂಗುರವನ್ನು ಯಾರೂ ನೆನೆಯುವುದಿಲ್ಲ. ದಪ್ಪ ಕಾಲುಚೀಲ, ಬೂಟಿನ ಒಳಗೆ ಅದು ಪಕ್ಕದ ಬೆರಳನ್ನು ಒತ್ತಿ ಹಿಡಿಯುತ್ತದೆ. ಒಂದು ಸಂಜೆ ಅಮ್ಮನ ಕಾಲುಚೀಲ ತೆಗೆದಾಗ ಕಾಲುಂಗುರದ ಎರಡೂ ಬದಿಗೆ ಬೆರಳು ಬಿಳಿಚಿಕೊಂಡು, ಅಂಚಿನಲ್ಲಿ ಕೆಂಪು ಗೆರೆ ಮೂಡಿತ್ತು. ತೆಗೆಯಲು ಮನಸ್ಸೊಪ್ಪದವರು ತೆಳು ಕಂಬಿಯ, ಸಡಿಲವಾದ, ಬಾಯಿ ತೆರೆದ ಕಾಲುಂಗುರ ಹಾಕಿಕೊಳ್ಳಿ. ಅಮ್ಮ ಹಾಗೆಯೇ ಮಾಡಿದರು.

ಕೈ, ತಲೆ, ಮುಖ

ಬೆರಳು ಬೆರಳು ಬೇರೆಯಿರುವ ಕೈಗವಸಿಗಿಂತ ನಾಲ್ಕೂ ಬೆರಳು ಒಟ್ಟಿಗೆ ಇರುವ ಮಿಟನ್ ಹೆಚ್ಚು ಬೆಚ್ಚಗೆ, ಏಕೆಂದರೆ ಬೆರಳುಗಳು ಒಂದಕ್ಕೊಂದು ಶಾಖ ಕೊಡುತ್ತವೆ. ನಾನು ಒಳಗೆ ಫೋನ್ ಮುಟ್ಟಲು ಬರುವ ತೆಳು ಕೈಗವಸು, ಅದರ ಮೇಲೆ ಮಿಟನ್ ಹಾಕುತ್ತೇನೆ. ತಿಂಡಿ ಕೊಳ್ಳಲು, ಬೀಗ ತೆಗೆಯಲು ಮಿಟನ್ ಮಾತ್ರ ತೆಗೆದರೆ ಸಾಕು. ಬರಿಗೈಯಲ್ಲಿ ಕಬ್ಬಿಣದ ಕಂಬಿ ಹಿಡಿಯಬೇಡಿ.

ತಲೆಯಿಂದಲೇ ಅರ್ಧ ಶಾಖ ಹೋಗುತ್ತದೆ ಎಂಬ ಮಾತು ನಿಜವಲ್ಲ. ತಲೆ ಮೈಯ ಹತ್ತನೆಯ ಒಂದು ಭಾಗದಷ್ಟು, ಹೋಗುವ ಶಾಖವೂ ಹೆಚ್ಚುಕಡಿಮೆ ಅಷ್ಟೇ. ಆದರೆ ಕಿವಿ, ಮೂಗು, ಕೆನ್ನೆ ಬಹುಬೇಗ ಹೆಪ್ಪುಗಟ್ಟುವ ಜಾಗಗಳು. ಟೊಪ್ಪಿ ಕಿವಿಯ ಹಾಲೆಯವರೆಗೂ ಇಳಿಯಬೇಕು. ಊರಿನ ಮಂಕಿ ಟೋಪಿ ಇದಕ್ಕೆ ಬಹಳ ಒಳ್ಳೆಯದು, ಹೆಮ್ಮೆಯಿಂದ ಹಾಕಿಕೊಳ್ಳಿ. ಮಫ್ಲರ್ ಮೂಗಿನ ಮೇಲೆ ಬಂದಾಗ ಉಸಿರಿನ ತೇವ ಅದರಲ್ಲಿ ಮಂಜಾಗಿ ಗಟ್ಟಿಯಾಗುತ್ತದೆ, ಆಗಾಗ ಒಣ ಭಾಗಕ್ಕೆ ತಿರುಗಿಸಿಕೊಳ್ಳಿ. ತುಟಿಗೆ, ಕೈಗೆ ವ್ಯಾಸಲಿನ್ ಒಡಕನ್ನು ತಡೆಯುತ್ತದೆ, ಹೆಪ್ಪುಗಟ್ಟುವುದನ್ನು ತಡೆಯುವುದಿಲ್ಲ.

ಬಾಗಿಲ ಬಳಿಯ ಕ್ರಮ

ಯಾವುದರ ಮೇಲೆ ಯಾವುದು ಎಂಬಷ್ಟೇ ಮುಖ್ಯ, ಯಾವಾಗ ಎಂಬುದು. ಅಪ್ಪನ ಬೆವರಿಗೆ ಕಾರಣ ಅದೇ. ನಮ್ಮ ಮನೆಯಲ್ಲಿ ಈಗ ಹೀಗೆ ನಡೆಯುತ್ತದೆ. ಥರ್ಮಲ್, ಕಾಲುಚೀಲ, ಪ್ಯಾಂಟು ಅಥವಾ ಸೀರೆ ಇಷ್ಟನ್ನು ಕೋಣೆಯಲ್ಲೇ ತೊಟ್ಟು ಬರುವುದು. ಶೌಚಾಲಯಕ್ಕೆ ಹೋಗಿಬರುವುದು ಆಗಲೇ. ಎಲ್ಲರೂ ಸಿದ್ಧವಾದ ಮೇಲೆ, ಕೀಲಿ, ಬಸ್ ಕಾರ್ಡ್, ಫೋನ್ ಕೈಗೆ ಸಿಕ್ಕ ಮೇಲೆ ಸ್ವೆಟರ್. ನಂತರ ಬೂಟು, ಏಕೆಂದರೆ ಕೋಟು ತೊಟ್ಟು ಬಗ್ಗಿ ಬೂಟು ಕಟ್ಟಿದರೆ ಅಲ್ಲೇ ಬೆವರು. ಆಮೇಲೆ ಮಫ್ಲರ್, ಟೊಪ್ಪಿ, ಕೋಟು. ಕೊನೆಗೆ ಕೈಗವಸು, ಅದರ ತುದಿ ಕೋಟಿನ ತೋಳಿನೊಳಗೆ. ಕೋಟಿನ ಜಿಪ್ ಎಳೆದ ಒಂದು ನಿಮಿಷದೊಳಗೆ ಬಾಗಿಲು ದಾಟಿರಬೇಕು.

ಹೊರಗೆ ಕಾಲಿಟ್ಟ ಕೂಡಲೇ ತುಸು ಚಳಿ ಎನಿಸಬೇಕು. ಹತ್ತು ನಿಮಿಷ ನಡೆದರೆ ಸರಿಹೋಗುತ್ತದೆ. ಮೊದಲೇ ಹಿತವಾಗಿದ್ದರೆ ಮುಂದೆ ಬೆವರುವುದು ಖಂಡಿತ. ನಡೆಯುವಾಗ ಬೆಚ್ಚಗಾಗುತ್ತಿದೆ ಎನಿಸಿದರೆ ಬೆವರು ಬರುವ ಮೊದಲೇ ಕುತ್ತಿಗೆಯ ಬಳಿ ಜಿಪ್ ಒಂದು ಗೇಣು ಇಳಿಸಿ. ಬಸ್ ಹತ್ತಿದ ಕೂಡಲೇ ಟೊಪ್ಪಿ, ಕೈಗವಸು ತೆಗೆದು ಕೋಟು ಬಿಚ್ಚಿ. ಇಳಿಯುವ ಒಂದು ನಿಲ್ದಾಣ ಮುಂಚೆ ಮತ್ತೆ ಹಾಕಿಕೊಳ್ಳಿ. ಇದು ಬೇಸರದ ಕೆಲಸ, ಆದರೂ ಮಾಡಿ. ಟೊರೊಂಟೊದ ನಡುಭಾಗದಲ್ಲಿ ನೆಲದಡಿ ಸುಮಾರು 30 ಕಿಲೋಮೀಟರ್ ಉದ್ದದ ನಡೆದಾರಿಗಳ ಜಾಲವಿದೆ, ಪಾತ್ ಎಂದು ಹೆಸರು. ಮಿನಿಯಾಪೊಲಿಸ್‌ನಲ್ಲಿ ಕಟ್ಟಡದಿಂದ ಕಟ್ಟಡಕ್ಕೆ ಗಾಜಿನ ಸೇತುವೆಗಳಿವೆ. ಹಿರಿಯರಿಗೆ ಆ ದಾರಿಗಳನ್ನು ಮೊದಲ ವಾರವೇ ತೋರಿಸಿಕೊಡಿ.

ಮಕ್ಕಳು ಮತ್ತು ಹಿರಿಯರು

ಕೈಗೂಸಿಗೆ ದೊಡ್ಡವರಿಗಿಂತ ಒಂದು ಪದರ ಹೆಚ್ಚು. ತಳ್ಳುಗಾಡಿಯಲ್ಲಿ ಮಲಗಿದ ಮಗು ಅಲುಗಾಡುವುದಿಲ್ಲ, ನೀವು ನಡೆಯುತ್ತ ಬೆಚ್ಚಗಿರುತ್ತೀರಿ. ನಿಮ್ಮ ಮೈಯ ಲೆಕ್ಕ ಅದಕ್ಕೆ ಹಿಡಿಯಬೇಡಿ, ಕತ್ತಿನ ಹಿಂಭಾಗ ಮುಟ್ಟಿ ನೋಡಿ. ಕಾರಿನ ಸೀಟಿನಲ್ಲಿ ಕೂರಿಸುವಾಗ ಉಬ್ಬಿದ ಕೋಟು ತೆಗೆದೇ ಬೆಲ್ಟ್ ಬಿಗಿಯಬೇಕು, ಮೇಲಿನಿಂದ ಕಂಬಳಿ ಹೊದಿಸಬೇಕು. ಡಿಕ್ಕಿಯಾದರೆ ಕೋಟಿನೊಳಗಿನ ಗಾಳಿ ಅಮುಕಿಹೋಗಿ ಬೆಲ್ಟ್ ಸಡಿಲವಾಗುತ್ತದೆ. ಸಣ್ಣ ಮಕ್ಕಳಿಗೆ ಮಫ್ಲರ್ ಬೇಡ, ಆಟದಲ್ಲಿ ಸಿಕ್ಕಿಕೊಂಡು ಕುತ್ತಿಗೆ ಬಿಗಿದೀತು. ತಲೆಯಿಂದ ಇಳಿಸುವ ಕುತ್ತಿಗೆಪಟ್ಟಿ ಸಿಗುತ್ತದೆ.

ಸಕ್ಕರೆ ಕಾಯಿಲೆ ಇರುವ ಅಪ್ಪ ಅಮ್ಮಂದಿರ ಪಾದವನ್ನು ದಿನಾ ಸಂಜೆ ನೀವೇ ನೋಡಿ. ಸ್ಪರ್ಶಜ್ಞಾನ ಕಡಿಮೆಯಾಗಿದ್ದರೆ ಚಳಿಯೂ ತಿಳಿಯುವುದಿಲ್ಲ, ಬಿಸಿಯೂ ತಿಳಿಯುವುದಿಲ್ಲ. ಬಿಸಿನೀರಿನ ಚೀಲ, ಹೀಟರ್ ಮುಂದೆ ಕಾಲಿಡುವುದು ಅವರಿಗೆ ಅಪಾಯ. ಊಟ ಬಿಟ್ಟು ಹೊರಗೆ ಕಳಿಸಬೇಡಿ, ನೀರು ಕುಡಿಸಿ. ಚಳಿಗೆ ಮದ್ಯ ಒಳ್ಳೆಯದು ಎಂಬುದು ಸುಳ್ಳು. ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಒಳಗಿನ ಶಾಖವನ್ನು ಹೊರಗೆ ಕಳಿಸುತ್ತದೆ.

ಅಪಾಯದ ಗುರುತು

ಬೆರಳು, ಕಿವಿ, ಮೂಗಿನ ತುದಿ ಮೊದಲು ಚುರುಗುಟ್ಟಿ ಆಮೇಲೆ ನೋವೇ ನಿಂತುಹೋದರೆ ಸಮಾಧಾನಪಡಬೇಡಿ, ಅದೇ ಕೆಟ್ಟ ಗುರುತು. ಹಿಮಕಡಿತದಲ್ಲಿ ಚರ್ಮ ಬೆಳ್ಳಗೆ ಅಥವಾ ಬೂದುಬಣ್ಣಕ್ಕೆ ತಿರುಗಿ ಮೇಣದಂತೆ ಕಾಣುತ್ತದೆ. ನಮ್ಮ ಮೈಬಣ್ಣದಲ್ಲಿ ಬಿಳುಪು ಬೇಗ ಕಾಣದಿರಬಹುದು, ಮುಟ್ಟಿ ಗಟ್ಟಿಯಾಗಿದೆಯೇ ಎಂದು ನೋಡಿ. ತಿಕ್ಕಬೇಡಿ, ಹಿಮ ಸವರಬೇಡಿ, ಬೆಂಕಿಗೆ ಹಿಡಿಯಬೇಡಿ. ಒಳಗೆ ಹೋಗಿ, ಒದ್ದೆ ಬಟ್ಟೆ ತೆಗೆದು, ಮಗುವಿನ ಸ್ನಾನಕ್ಕೆ ಹದವಾದಷ್ಟು, ಎಂದರೆ 37ರಿಂದ 39 ಡಿಗ್ರಿಯ ನೀರಿನಲ್ಲಿ ಅದ್ದಿಡಿ. ಮತ್ತೆ ಚಳಿಗೆ ಹೋಗಬೇಕಾಗಿದ್ದರೆ ಕರಗಿಸದಿರುವುದೇ ಮೇಲು, ಒಮ್ಮೆ ಕರಗಿ ಮತ್ತೆ ಹೆಪ್ಪುಗಟ್ಟಿದರೆ ಹಾನಿ ಹೆಚ್ಚು. ಬೊಕ್ಕೆ ಎದ್ದರೆ, ಅರಿವು ಮರಳದಿದ್ದರೆ ಆಸ್ಪತ್ರೆ.

ಮೈಯೊಳಗಿನ ಶಾಖ 35 ಡಿಗ್ರಿಗಿಂತ ಇಳಿದರೆ ನಡುಕ, ತೊದಲು, ಎಡವುವುದು, ಗುಂಡಿ ಹಾಕಲಾಗದಂತೆ ಕೈ ತಡವರಿಸುವುದು, ಮಂಕು ಕವಿದಂತೆ ಮಾತು. ನಡುಗುತ್ತಿದ್ದವರು ಬೆಚ್ಚಗಾಗದೆಯೇ ನಡುಗುವುದನ್ನು ನಿಲ್ಲಿಸಿದರೆ ಅದು ತುರ್ತು. ಕೆನಡಾದಲ್ಲೂ ಅಮೆರಿಕದಲ್ಲೂ 911ಕ್ಕೆ ಕರೆ ಮಾಡಿ. ಈ ಸಂಖ್ಯೆಯನ್ನು ಅಪ್ಪ ಅಮ್ಮನ ಫೋನಿನಲ್ಲಿ ಕನ್ನಡದಲ್ಲೇ ಹೆಸರು ಬರೆದು ಉಳಿಸಿಕೊಡಿ.

ಮನೆಗೆ ಮರಳಿದ ಮೇಲೆ

ಬಾಗಿಲ ಹೊರಗೇ ಬೂಟು ಕುಟ್ಟಿ, ಕೋಟಿನ ಹಿಮ ಕೊಡವಿ. ಒಳಗೆ ಬಂದರೆ ಅದು ನೀರಾಗಿ ಬಟ್ಟೆಗೆ ಇಳಿಯುತ್ತದೆ. ಬೂಟಿನ ಮೆತ್ತೆ ಹೊರತೆಗೆದು ನಿಲ್ಲಿಸಿ, ಒಳಗೆ ಹಳೆಯ ಪೇಪರ್ ತುರುಕಿ. ಹೀಟರಿಗೆ ಒತ್ತಿ ಇಟ್ಟರೆ ಚರ್ಮ ಸೀಳುತ್ತದೆ. ಉಪ್ಪಿನ ಬಿಳಿ ಗೆರೆಗೆ ವಿನೆಗರ್ ಬೆರೆಸಿದ ನೀರಿನಲ್ಲಿ ಬಟ್ಟೆ ಅದ್ದಿ ಒರೆಸಿ. ಮಿಟನ್, ಟೊಪ್ಪಿ, ಮಫ್ಲರನ್ನು ಚೀಲದಲ್ಲಿ ಮುದುರಿಡದೆ ಹರವಿ. ಉಣ್ಣೆಯ ಒಳಅಂಗಿಯನ್ನು ದಿನಾ ಒಗೆಯಬೇಕಿಲ್ಲ, ರಾತ್ರಿ ಕುರ್ಚಿಯ ಮೇಲೆ ಹರವಿದರೆ ಬೆಳಿಗ್ಗೆಗೆ ಹಸನಾಗಿರುತ್ತದೆ. ಒಗೆಯುವಾಗ ತಣ್ಣೀರು, ಹಿಂಡದೆ ಟವೆಲ್‌ನಲ್ಲಿ ಸುತ್ತಿ ಒತ್ತಿ, ಮಲಗಿಸಿ ಒಣಗಿಸುವುದು.

ಅಪ್ಪ ಈಗ ಎರಡನೆಯ ಸಲ ಬಂದಿದ್ದಾರೆ. ಬಸ್ಸಿಗೆ ಏಳು ನಿಮಿಷವಿದೆ ಎಂದರೆ ಸ್ವೆಟರ್ ಕೈಯಲ್ಲಿ ಹಿಡಿದು ಬಾಗಿಲ ಬಳಿ ನಿಲ್ಲುತ್ತಾರೆ; ಮೂರು ನಿಮಿಷ ಎಂದಾಗ ಬೂಟಿಗೆ ಕಾಲು ತೂರಿಸುತ್ತಾರೆ. ಹಿಂದಿರುಗಿದ ಮೇಲೆ ನಾನು ಕೇಳುವ ಮೊದಲೇ ಬೆನ್ನು ತಿರುಗಿಸಿ, "ಮುಟ್ಟಿ ನೋಡು, ಒಣಗಿದೆ" ಎನ್ನುತ್ತಾರೆ.